ಅಕ್ಕನ ಕಾದಂಬರಿಗಳು

ಬಹುಜನರು ಮೆಚ್ಚಿದ ಪ್ರಣಯಕಾದಂಬರಿಯು ಆ ಮೆಚ್ಚಿಕೆಗೆ ಯೋಗ್ಯವೇ ಎಂಬುದನ್ನು ನಾವು ಬಹುಕಾಲ ಒಂದು ಪ್ರಶ್ನೆಯೆಂದೇ ಎಣಿಸಿರಲಿಲ್ಲ. ಬಾಣಭಟ್ಟನ ದೀರ್ಘಸಮಾಸಗಳನ್ನು ಬಿಡಿಸುತ್ತ ಬೆಳೆದವರಿಗೆ ಬಾಡಿಗೆ ಪುಸ್ತಕದಂಗಡಿಯ ಕಥೆಗಳು ತೃಣಸಮಾನವಾಗಿ ಕಂಡುದರಲ್ಲಿ ಆಶ್ಚರ್ಯವೇನು?

ನಮ್ಮ ಅಕ್ಕನ ವಿದ್ಯೆ ಏಳನೆಯ ತರಗತಿಗೇ ನಿಂತಿತು. ಅಡುಗೆಮನೆಯ ಕೆಲಸ ತೀರಿದ ಮಧ್ಯಾಹ್ನಗಳಲ್ಲಿ ಆಕೆ ತ್ರಿವೇಣಿ, ಎಂ. ಕೆ. ಇಂದಿರಾ, ಸಾಯಿಸುತೆ ಇವರ ಕಾದಂಬರಿಗಳನ್ನು ತರಿಸಿ ಓದುತ್ತಿದ್ದಳು. ನಾವು ಹಾಸ್ಯಮಾಡುತ್ತಿದ್ದೆವು. ನಮ್ಮ ಹೆಜ್ಜೆಯ ಸಪ್ಪಳ ಕೇಳಿದೊಡನೆ ಆಕೆ ಪುಸ್ತಕವನ್ನು ಅಕ್ಕಿಯ ಡಬ್ಬದ ಹಿಂದೆ ಸೇರಿಸುತ್ತಿದ್ದುದು ಆಗ ನಮಗೆ ವಿನೋದವಾಗಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊನ್ನೆ ಅಕ್ಕನ ಕಣ್ಣಿನ ಪೊರೆ ತೆಗೆಸಿದೆವು. ಕೆಲವು ದಿನ ಕಣ್ಣಿಗೆ ಶ್ರಮ ಕೊಡಕೂಡದೆಂದು ವೈದ್ಯರ ಅಪ್ಪಣೆಯಾಯಿತು. “ನಿನ್ನ ಗಂಟಲಿರುವುದು ಮಂತ್ರಕ್ಕೆ ಮಾತ್ರವೇನೋ? ‘ಶರಪಂಜರ’ ಓದಿ ಹೇಳು” ಎಂದಳು. ಬೇಡವೆನ್ನಲಾಗದೆ ಕುಳಿತೆವು.

ಕಾವೇರಿಯೆಂಬ ಸುಖೀಗೃಹಿಣಿಯು ಬಾಣಂತನದಲ್ಲಿ ಬುದ್ಧಿಭ್ರಮಣೆಗೊಳಗಾಗುತ್ತಾಳೆ. ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಬಂದರೂ ಗಂಡನಾಗಲಿ ನೆರೆಹೊರೆಯಾಗಲಿ ಅವಳನ್ನು ಗುಣವಾದವಳೆಂದು ನಂಬುವುದಿಲ್ಲ. ಅಷ್ಟು ಓದುವಷ್ಟರಲ್ಲಿ ಅಕ್ಕ ತಡೆದು, “ಚಿಕ್ಕಮ್ಮನ ನೆನಪಿದೆಯೇನೋ?” ಎಂದಳು.

ನೆನಪಿಲ್ಲದೆ ಉಂಟೆ? ಹೆರಿಗೆಯಾದ ಮೇಲೆ ಚಿಕ್ಕಮ್ಮನನ್ನು ಹಿತ್ತಿಲ ಕೋಣೆಯಲ್ಲಿ ಕೂಡಿಹಾಕಿದ್ದರು. ಗ್ರಹಚೇಷ್ಟೆಯೆಂದು ಮನೆಯವರೆಲ್ಲ ನಂಬಿದ್ದರು. ಮಂತ್ರಿಸಿದ ನೀರನ್ನು ತಂದುಕೊಟ್ಟ ಹುಡುಗರು ನಾವೇ. ಆಕೆ ಬಹಳ ದಿನ ಬದುಕಲಿಲ್ಲ. ಮುಂದೆ ಎಷ್ಟೋ ವರ್ಷಗಳ ಮೇಲೆ ಅಕ್ಕನ ವಾರಗಿತ್ತಿ ಹೆತ್ತ ಮಗುವಿನ ಮುಖವನ್ನೂ ನೋಡದೆ ಗೋಡೆಗೆ ತಿರುಗಿ ಕುಳಿತಾಗ, ಹಿರಿಯರ ಮಾತನ್ನು ಮೀರಿ ಅವಳನ್ನು ಮನೋವೈದ್ಯರಲ್ಲಿಗೆ ಕರೆದೊಯ್ದವಳು ಅಕ್ಕ. ಆ ತಾಯಿ ಗುಣವಾಗಿ, ಆ ಮಗುವಿನ ಮದುವೆಯನ್ನೂ ಮಾಡಿದಳು.

“ಆ ಬುದ್ಧಿ ನಿನಗೆ ಹೇಗೆ ಬಂತು?” ಎಂದೆವು. ಅಕ್ಕ ನಮ್ಮ ಕೈಯ ಪುಸ್ತಕವನ್ನು ಮುಟ್ಟಿ ತೋರಿಸಿದಳು.

ತ್ರಿವೇಣಿಯವರು ಮನಃಶಾಸ್ತ್ರವನ್ನು ಓದಿದವರು. 1928ರಲ್ಲಿ ಜನಿಸಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಹೋದರು. ಅಷ್ಟರಲ್ಲಿಯೇ ಸುಮಾರು 20 ಕಾದಂಬರಿಗಳನ್ನು ಬರೆದಿದ್ದರು. ಪುಟ್ಟಣ್ಣ ಕಣಗಾಲರು 1967ರಲ್ಲಿ ‘ಬೆಳ್ಳಿ ಮೋಡ’ವನ್ನೂ 1971ರಲ್ಲಿ ‘ಶರಪಂಜರ’ವನ್ನೂ ಚಲಚ್ಚಿತ್ರವಾಗಿಸಿದ ಮೇಲೆ ಓದಬಾರದವರಿಗೂ ಆ ಕಥೆಗಳು ತಲಪಿದುವು. ಪಂಡಿತರು ಹೇಳದಿದ್ದ ಒಂದು ಮಾತು, ಇದು ದೆವ್ವವಲ್ಲ, ರೋಗ ಎಂಬುದು, ಪ್ರಣಯಕಥೆಯ ಹೆಗಲೇರಿ ಅಡುಗೆಮನೆಗೆ ಬಂದಿತು.

ಹಾಗೆಂದು ಮಾರಾಟವಾದುದೆಲ್ಲವೂ ಉತ್ತಮವೆಂದು ನಾವು ಹೇಳುವವರಲ್ಲ. ಅದೇ ಸಿರಿವಂತ ನಾಯಕ, ಅದೇ ತಪ್ಪುತಿಳಿವಳಿಕೆ, ಕೊನೆಯ ಅಧ್ಯಾಯದಲ್ಲಿ ಅದೇ ಮಾಂಗಲ್ಯಧಾರಣೆ, ಇಂಥವು ಹೇರಳವಾಗಿವೆ. ಹೆಣ್ಣಿನ ಸಹನೆಯನ್ನು ಹೊಗಳುತ್ತ ಹೊಗಳುತ್ತ ಅವಳಿಗಾದ ಅನ್ಯಾಯವನ್ನೇ ಆಭರಣವಾಗಿಸುವ ಕಥೆಗಳಿಗೆ ಬಂದ ಜನಪ್ರೀತಿಯನ್ನು ನಾವು ಯೋಗ್ಯವೆನ್ನಲಾರೆವು.

ಆದರೆ ಪ್ರೇಮಕಥೆಯೆಂಬ ಒಂದೇ ಕಾರಣಕ್ಕೆ ಮೂಗು ಮುರಿಯುವ ಅಧಿಕಾರ ನಮಗೆಲ್ಲಿಯದು? ನಾವು ತಲೆಯ ಮೇಲೆ ಹೊತ್ತ ಬಾಣನ ಕೃತಿಯೂ ಜನ್ಮಾಂತರಗಳ ಪ್ರೇಮಕಥೆಯೇ. ನಾಗವರ್ಮನು ಅದನ್ನು ಕನ್ನಡಕ್ಕೆ ತಂದನು. ಅದರ ನಾಯಿಕೆಯ ಹೆಸರೇ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇಡೀ ಸಾಹಿತ್ಯಪ್ರಕಾರದ ಹೆಸರಾಯಿತು.

ಪುಸ್ತಕವನ್ನು ಮಡಿಸಿಟ್ಟು ಎದ್ದವರು ತಮ್ಮ ಮನೆಯವರನ್ನು ಮೊದಲಿಗಿಂತ ಚೆನ್ನಾಗಿ ಕಾಣಬಲ್ಲರೆ? ಈಗ ನಮಗೆ ತೋರುವ ಒರೆಗಲ್ಲು ಇದೊಂದೇ. ಭಾಷೆಯ ಬಿಗಿ ಸಾಲದೆಂಬ ನಮ್ಮ ಆಕ್ಷೇಪವನ್ನು ಅಕ್ಕನ ಮುಂದೆಯೂ ಇಟ್ಟೆವು. “ಇರಲಿ, ಮುಂದೆ ಓದು” ಎಂದಳು. ಇನ್ನೂ ಕೆಲವು ಅಧ್ಯಾಯಗಳು ಉಳಿದಿವೆ.