ದನಿಗಳಿಗೊಂದು ಕಪಾಟು

ಟೇಪ್ ರೆಕಾರ್ಡರ್, ಆಂಪ್ಲಿಫಯರ್, ಸ್ಪೀಕರ್‌ಗಳಿಗೆ ಕಪಾಟು ಮಾಡಿಸುವಾಗ ನಾವು ಅಂದ ನೋಡುತ್ತೇವೆ, ಖರ್ಚು ನೋಡುತ್ತೇವೆ. ಅದರಲ್ಲಿ ಉಳಿಯಬೇಕಾದದ್ದು ಏನೆಂದು ಯೋಚಿಸಿದ್ದೀರಾ?

ನಮ್ಮ ಮನೆಯ ಕಪಾಟಿನಲ್ಲಿ ಈಜಿಪ್ಟಿನ ಖಾರಿ ಅಬ್ದುಲ್ ಬಾಸಿತ್‌ರ (1927-1988) ಕುರ್‌ಆನ್ ಪಾರಾಯಣದ ಕ್ಯಾಸೆಟ್‌ಗಳಿವೆ. ಪಕ್ಕದಲ್ಲೇ, ಗಲ್ಫ್‌ನಲ್ಲಿದ್ದ ತಂದೆಯವರು ಪತ್ರದ ಬದಲು ಮಾತಾಡಿ ಕಳಿಸಿದ ಎರಡು ಕ್ಯಾಸೆಟ್‌ಗಳು. ತಂದೆ ಈಗಿಲ್ಲ. ಪಾರಾಯಣದ ಕ್ಯಾಸೆಟ್ ಹಾಳಾದರೆ ಅದೇ ಪಾರಾಯಣ ಬೇರೆಡೆ ಸಿಗುತ್ತದೆ. "ಮಗು ಮದ್ರಸಕ್ಕೆ ಹೋಗುತ್ತಿದೆಯಾ?" ಎಂದು ಉಮ್ಮನನ್ನು ಕೇಳುವ ಆ ದನಿ ಇನ್ನೆಲ್ಲೂ ಸಿಗದು.

ಟೇಪಿನಲ್ಲಿ ದನಿ ಉಳಿದಿರುವುದು ಕಾಂತದ ಗುರುತಾಗಿ. ಸ್ಪೀಕರಿನೊಳಗೂ ದೊಡ್ಡ ಕಾಂತವಿದೆ; ಅದಕ್ಕೆ ತಾಗಿಸಿಟ್ಟರೆ ದನಿ ಮಾಸಬಹುದು. ಆದ್ದರಿಂದ ಕ್ಯಾಸೆಟ್‌ಗಳ ಗೂಡು ಸ್ಪೀಕರಿನಿಂದ ಒಂದೆರಡು ಅಡಿ ದೂರವಿರಲಿ. ಆಂಪ್ಲಿಫಯರ್ ಬಿಸಿಯಾಗುವುದರಿಂದ ಅದರ ಮೇಲೆ ನಾಲ್ಕು ಇಂಚು ಜಾಗ ಬಿಟ್ಟು, ಹಿಂಬದಿ ತೆರೆದಿಡಿ. ಭಾರದ ವಸ್ತು ಕೆಳಗಿರಲಿ. ಕರಾವಳಿಯ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಬರುತ್ತದೆ. ಕಪಾಟು ಒದ್ದೆ ಗೋಡೆಗೆ ತಾಗದಿರಲಿ, ನೆಲದಿಂದ ಅರ್ಧ ಅಡಿ ಮೇಲಿರಲಿ.

ಇಷ್ಟಾದರೂ ಟೇಪಿಗೆ ಆಯುಷ್ಯವಿದೆ. ಅದು ಓಡುತ್ತಿರುವಾಗಲೇ ಕಂಪ್ಯೂಟರಿಗೆ ನಕಲು ಮಾಡಿಸಿಕೊಳ್ಳಿ. ಹಿರಿಯರ ದನಿಯೂ ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್ತು. ಅಜ್ಜನನ್ನು ಕಾಣದ ಮೊಮ್ಮಕ್ಕಳಿಗೆ ಅದನ್ನು ತಲುಪಿಸಬೇಕಾದವರು ನಾವೇ.