ಮೆರವಣಿಗೆಯ ಮರುದಿನ

ಕೋಲಾರ ಜಿಲ್ಲೆಯಲ್ಲಿ ನೀರಿಗೆ ಬರ ಉಂಟು, ಮೆರವಣಿಗೆಗೆ ಇಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಈ ಸೀಮೆಯ ರೈತರು 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿ ಬೇಕೆಂದು ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟರು. 2025ರ ಜೂನ್‌ನಲ್ಲಿ ಮಾವಿಗೆ ಬೆಲೆಯಿಲ್ಲವೆಂದು ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು. ಏಪ್ರಿಲ್ 14 ಬಂತೆಂದರೆ ಮುಳಬಾಗಿಲಿನಿಂದ ಮಾಲೂರಿನವರೆಗೆ ನೀಲಿ ಬಾವುಟ, ತಮಟೆಯ ಸದ್ದು. ಇಂಥ ಪ್ರತಿಯೊಂದು ಗುಂಪಿನ ಅಂಚಿನಲ್ಲೂ ಬೆನ್ನಿಗೆ ಬ್ಯಾಗು ತಗುಲಿಸಿಕೊಂಡ ಕಾಲೇಜು ಹುಡುಗನೋ ಹುಡುಗಿಯೋ ಒಬ್ಬರು ನಿಂತಿರುತ್ತಾರೆ. ಒಳಗೆ ಸೇರಬೇಕೆ, ಬಸ್ಸು ಹತ್ತಿ ಮನೆಗೆ ಹೋಗಬೇಕೆ ಎಂಬ ಪ್ರಶ್ನೆ ಅವರ ಮುಖದಲ್ಲೇ ಓದಬಹುದು.

ಮನೆಯಲ್ಲಂತೂ ಉತ್ತರ ಸಿದ್ಧವಾಗಿಯೇ ಇರುತ್ತದೆ. ಈ ಗಡಿ ಜಿಲ್ಲೆಯಲ್ಲಿ ಘೋಷಣೆ ಕನ್ನಡದಲ್ಲಿ, ಬೈಗುಳ ಎಷ್ಟೋ ಮನೆಗಳಲ್ಲಿ ತೆಲುಗಿನಲ್ಲಿ. ಭಾಷೆ ಯಾವುದಾದರೂ ಅರ್ಥ ಒಂದೇ: "ಓದಿಕೋ ಅಂತ ಕಳಿಸಿದ್ರೆ ಇದೆಲ್ಲಾ ನಿನಗ್ಯಾಕಪ್ಪಾ?" ಹಾಲು ಹಾಕಿ, ರೇಷ್ಮೆಗೂಡು ಮಾರಿ, ಟೊಮೆಟೊಗೆ ಬೆಲೆ ಬಂದ ವರ್ಷ ಫೀಸು ಕಟ್ಟಿ, ಬಾರದ ವರ್ಷ ಸಾಲ ಮಾಡಿ ಓದಿಸುವ ತಂದೆತಾಯಿಯ ಮಾತು ಅದು. ಅದನ್ನು ಹೇಡಿತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ಭಯಕ್ಕೂ ಕಾರಣವಿದೆ.

2020ರ ಡಿಸೆಂಬರ್ 12ರಂದು ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಕಾರ್ಮಿಕರು ಸಂಬಳದ ವಿಚಾರಕ್ಕೆ ಸಿಟ್ಟಿಗೆದ್ದರು. ಐ.ಟಿ.ಐ., ಡಿಪ್ಲೊಮಾ, ಪದವಿ ಮುಗಿಸಿ ಕೆಲಸಕ್ಕೆ ಸೇರಿದ್ದ ಎಳೆಯರು ಅವರಲ್ಲಿ ಬಹಳ ಮಂದಿ. ಅವರ ದೂರಿನಲ್ಲಿ ಹುರುಳಿತ್ತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿಲ್ಲವೆಂದು ಕೆಲವೇ ದಿನಗಳಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಅಷ್ಟರಲ್ಲಿ ಗಾಜು ಒಡೆದಾಗಿತ್ತು. ಲೋಕ ಕಂಡದ್ದು ಒಡೆದ ಗಾಜನ್ನೇ ಹೊರತು ಬಾರದ ಸಂಬಳವನ್ನಲ್ಲ. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಆ ವಾರ ಜಾಮೀನಿಗಾಗಿ ಓಡಾಡಿದ ಹೆತ್ತವರ ಪಾಡನ್ನು ನೆನೆದರೆ "ನಿನಗ್ಯಾಕಪ್ಪಾ" ಎಂಬ ಮಾತಿನ ತೂಕ ತಿಳಿಯುತ್ತದೆ.

ಹಾಗೆಂದು ಮಕ್ಕಳನ್ನು ಮನೆಯೊಳಗೇ ಕೂಡಿಹಾಕಿಕೊಂಡರೆ ಅನ್ಯಾಯ ಅವರನ್ನು ಹುಡುಕಿಕೊಂಡು ಬರುವುದಿಲ್ಲವೆ? 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಭೂತಮ್ಮನ ಉತ್ಸವ ನಡೆಯುತ್ತಿದ್ದಾಗ ಶಾಲೆಗೆ ಹೋಗುವ ದಲಿತ ಹುಡುಗನೊಬ್ಬ ದೇವರಿಗೆ ಸಂಬಂಧಿಸಿದ ಕೋಲನ್ನು ಮುಟ್ಟಿದ. ಅವನು ಯಾವ ಚಳವಳಿಗೂ ಹೋಗಿದ್ದವನಲ್ಲ. ಮೈಲಿಗೆಯಾಯಿತೆಂದು ಊರಿನ ಪ್ರಮುಖರು ಕುಟುಂಬಕ್ಕೆ 60,000 ರೂಪಾಯಿ ದಂಡ ವಿಧಿಸಿದರು. 2023ರ ಡಿಸೆಂಬರ್‌ನಲ್ಲಿ ಅದೇ ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ಮಕ್ಕಳಿಂದ ಶೌಚದ ಗುಂಡಿ ಶುಚಿ ಮಾಡಿಸಿದ ದೃಶ್ಯ ಹೊರಬಿತ್ತು. ಸಿಬ್ಬಂದಿಯ ಅಮಾನತು, ಬಂಧನ ನಡೆದವು. ಎರಡು ಪ್ರಕರಣಗಳಲ್ಲೂ ಪೆಟ್ಟು ಬಿದ್ದದ್ದು ಓದುವ ಮಕ್ಕಳಿಗೆ. ಓದು ಬೇರೆ, ಊರು ಬೇರೆ ಎಂದು ಗೆರೆ ಎಳೆಯುವುದು ಎಲ್ಲ ಮಕ್ಕಳಿಗೂ ಸಾಧ್ಯವಿಲ್ಲ.

ಉಳ್ಳೇರಹಳ್ಳಿಯ ಸುದ್ದಿ ತಿಳಿದ ಮೇಲೆ ಸಂಘಟನೆಗಳವರು ಬಂದರು. ಪೊಲೀಸರು ಪ್ರಕರಣ ದಾಖಲಿಸಿದರು. ಮನೆಯವರು ದೇವರ ಪಟಗಳನ್ನು ತೆಗೆದು ಅಂಬೇಡ್ಕರರ ಚಿತ್ರ ಇಟ್ಟರು. ಜಿಲ್ಲೆಯ ಅಧಿಕಾರಿಗಳು ಊರಿಗೆ ಬಂದು ಕುಟುಂಬವನ್ನು ದೇವಸ್ಥಾನದೊಳಗೆ ಕರೆದೊಯ್ದರು. ಪತ್ರಿಕೆಗಳಲ್ಲಿ ಫೋಟೊ ಬಂತು. ಇವೆಲ್ಲ ಆಗಲೇಬೇಕಾದ ಕೆಲಸಗಳು. ಆದರೆ ಫೋಟೊ ತೆಗೆದವರೂ ಜೀಪಿನಲ್ಲಿ ಬಂದವರೂ ಸಂಜೆಗೆ ಹಿಂತಿರುಗಿ ಹೋಗುತ್ತಾರೆ. ಆ ಮನೆಯವರು ಮಾರನೇ ಬೆಳಿಗ್ಗೆಯೂ ಅದೇ ಊರಿನ ಅಂಗಡಿಗೆ, ಅದೇ ನಲ್ಲಿಗೆ, ಅದೇ ಹಾಲಿನ ಡೇರಿಗೆ ಹೋಗಬೇಕು. ಅನ್ಯಾಯಕ್ಕೊಳಗಾದವರ ಜೊತೆ ನಿಲ್ಲುವುದು ಎಂದರೇನೆಂಬ ಪರೀಕ್ಷೆ ಶುರುವಾಗುವುದು ಆ ಬೆಳಿಗ್ಗೆ.

ಈ ಪರೀಕ್ಷೆಯಲ್ಲಿ ನಾಡು ಹೇಗೆ ಸೋತಿತೆಂಬುದಕ್ಕೆ ದೂರ ಹೋಗಬೇಕಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಮನೆಗೆ ಬೆಂಕಿ ಇಟ್ಟು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಚಿಂತಾಮಣಿ ಆಗ ಕೋಲಾರ ಜಿಲ್ಲೆಗೇ ಸೇರಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ನಾಡೆಲ್ಲ ಬೆಚ್ಚಿಬಿದ್ದಿತು, ಊರೂರಲ್ಲಿ ಪ್ರತಿಭಟನೆ ನಡೆಯಿತು. ಮಂತ್ರಿಗಳು ಬಂದರು, ಪರಿಹಾರ ಘೋಷಣೆಯಾಯಿತು. ಆಮೇಲೆ ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. ಸಾಕ್ಷಿಗಳು ಪ್ರತಿಕೂಲ ಹೇಳಿಕೆ ಕೊಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಕೂಡ ಆ ತೀರ್ಪನ್ನೇ ಎತ್ತಿಹಿಡಿಯಿತು. ಏಳು ಜೀವ ಹೋದದ್ದು ನಿಜ. ಕೊಂದವರು ಯಾರೆಂಬುದು ಮಾತ್ರ ಕಾನೂನಿನ ಕಣ್ಣಿಗೆ ಕಾಣದೇ ಹೋಯಿತು.

ಸಾಕ್ಷಿ ಹೇಳಬೇಕಾದವನು ಯಾಕೆ ಮಾತು ಬದಲಿಸುತ್ತಾನೆ? ಹಳ್ಳಿ ಬಲ್ಲವರಿಗೆ ಇದು ಒಗಟಲ್ಲ. ಅವನಿಗೆ ಕೂಲಿ ಕೊಡುವವರು, ಸಾಲ ಕೊಟ್ಟವರು, ಅವನ ದನ ಮೇಯುವ ಬಯಲಿನ ಪಕ್ಕದ ಜಮೀನಿನವರು ಎಲ್ಲ ಒಂದೇ ಕಡೆಯವರು. ಕೋರ್ಟಿಗೆ ಹೋದ ದಿನದ ಕೂಲಿ ಖೋತಾ. ಬಸ್ಸಿನ ಖರ್ಚು ಕೈಯಿಂದ. ಹೋದರೆ ವಾಯಿದೆ ಮುಂದಕ್ಕೆ ಬಿದ್ದಿರುತ್ತದೆ. ಘೋಷಣೆ ಕೂಗಿದ ಸಾವಿರ ಗಂಟಲುಗಳ ಪೈಕಿ ಒಂದಾದರೂ ಆ ದಿನ ಅವನ ಪಕ್ಕದ ಸೀಟಿನಲ್ಲಿ ಕೂತಿದ್ದರೆ ಅವನ ಧೈರ್ಯ ಬೇರೆಯೇ ಆಗಿರುತ್ತಿತ್ತು.

ಕಾನೂನಿಗೂ ಈ ಸೋಲಿನ ಅರಿವಾಗಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರದು. 2015ರಲ್ಲಿ ಅದಕ್ಕೆ ತಿದ್ದುಪಡಿಯಾಗಿ 2016ರ ಜನವರಿ 26ರಿಂದ ಜಾರಿಗೆ ಬಂತು. ಹೊಸದಾಗಿ ಸೇರಿದ 15ಎ ಕಲಂ ನೊಂದವರ ಮತ್ತು ಸಾಕ್ಷಿಗಳ ಹಕ್ಕುಗಳನ್ನೇ ಹೇಳುತ್ತದೆ. ಅವರಿಗೆ ರಕ್ಷಣೆ ಕೊಡಬೇಕು. ತನಿಖೆ ಮತ್ತು ವಿಚಾರಣೆಯ ಕಾಲದಲ್ಲಿ ಅವರ ಪ್ರಯಾಣದ ಮತ್ತು ಜೀವನೋಪಾಯದ ಖರ್ಚನ್ನು ಸರ್ಕಾರ ಭರಿಸಬೇಕು. ಜಾಮೀನಿನ ವಿಚಾರಣೆ ಇದ್ದರೆ ನೊಂದವರಿಗೆ ಮೊದಲೇ ತಿಳಿಸಬೇಕು. ದೋಷಾರೋಪ ಪಟ್ಟಿ ಸಲ್ಲಿಸಿದ ಮೇಲೆ ಸಾಧ್ಯವಾದ ಮಟ್ಟಿಗೆ 2 ತಿಂಗಳಲ್ಲಿ ವಿಚಾರಣೆ ಮುಗಿಯಬೇಕು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಮತ್ತು ಉಸ್ತುವಾರಿ ಸಮಿತಿ 3 ತಿಂಗಳಿಗೊಮ್ಮೆಯಾದರೂ ಸೇರಬೇಕು. ಪರಿಶಿಷ್ಟರಿಗೆ, ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ದೊರೆಯಬೇಕು. ಪುಸ್ತಕದಲ್ಲಿ ಎಲ್ಲ ಇದೆ. ಕೂಲಿಗೆ ಹೋಗುವ ತಾಯಿಗೆ ಇದನ್ನು ಓದಿ ಹೇಳುವವರು ಯಾರು? ಪ್ರಯಾಣದ ಖರ್ಚಿಗೆ ಅರ್ಜಿ ಬರೆದುಕೊಡುವವರು ಯಾರು?

ವಿದ್ಯಾರ್ಥಿಗೆ ಕೆಲಸ ಸಿಗುವುದು ಇಲ್ಲಿ. ಧಿಕ್ಕಾರ ಕೂಗಲು ಯಾರಾದರೂ ಆದೀತು. ಅರ್ಜಿ ಬರೆಯಲು ಓದಿದವರೇ ಬೇಕು. ಎಫ್.ಐ.ಆರ್. ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಠಾಣೆಯಲ್ಲಿ ವಿನಯದಿಂದ ಕೇಳುವುದು, ಅದರಲ್ಲಿ ಹೆಸರು, ತಾರೀಖು, ಕಲಂ ಸರಿಯಾಗಿವೆಯೇ ಎಂದು ಹಿರಿಯ ವಕೀಲರಿಗೆ ತೋರಿಸುವುದು, 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಪರಿಹಾರದ ಕಡತ ಎಲ್ಲಿದೆ ಎಂದು ಕೇಳುವುದು, ದೌರ್ಜನ್ಯ ತಡೆಯ ಸಹಾಯವಾಣಿ 14566 ಎಂದು ಹಾಸ್ಟೆಲಿನ ಗೋಡೆಯ ಮೇಲೆ ಬರೆದು ಹಚ್ಚುವುದು, ಗಲಾಟೆಯಿಂದ ಶಾಲೆ ಬಿಟ್ಟ ಹುಡುಗನಿಗೆ ಸಂಜೆ ಲೆಕ್ಕ ಹೇಳಿಕೊಡುವುದು. ಇದಕ್ಕೆ ತರಗತಿ ತಪ್ಪಿಸಬೇಕಿಲ್ಲ, ಪೊಲೀಸರ ಲಾಠಿಗೆ ಬೆನ್ನು ಒಡ್ಡಬೇಕಿಲ್ಲ. ಆದರೆ ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ಅದೇ ಕಷ್ಟ.

ಬಿಡದೆ ಮಾಡಿದರೆ ಏನಾಗುತ್ತದೆಂಬುದಕ್ಕೂ ಇದೇ ಜಿಲ್ಲೆಯಲ್ಲಿ ಉದಾಹರಣೆ ಇದೆ. ಕೆ.ಜಿ.ಎಫ್.ನ ನೆಲದಡಿಯಿಂದ ಚಿನ್ನ ಬರುತ್ತಿದ್ದ ಕಾಲದಲ್ಲಿ ನೆಲದ ಮೇಲೆ ಕಾರ್ಮಿಕರ ವಸತಿಗಳಲ್ಲಿ ಒಣ ಶೌಚಾಲಯಗಳಿದ್ದವು. ಅವನ್ನು ಬಕೆಟ್ಟು ಹಿಡಿದು ಶುಚಿ ಮಾಡುತ್ತಿದ್ದ ಕುಟುಂಬವೊಂದರಲ್ಲಿ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಇಪ್ಪತ್ತರ ಹರೆಯದಲ್ಲಿ ಅವರು ಹಿಡಿದ ಆಯುಧ ಕಾಗದ. ಗಣಿಯ ಅಧಿಕಾರಿಗಳಿಗೆ, ಸರ್ಕಾರಕ್ಕೆ ಪತ್ರ ಬರೆದರು. ಅಂಥ ಶೌಚಾಲಯಗಳೇ ಇಲ್ಲ ಎಂದವರಿಗೆ ಉತ್ತರವಾಗಿ ಫೋಟೊ ತೆಗೆದರು. ಮಲ ಹೊರಿಸುವುದನ್ನು ನಿಷೇಧಿಸುವ ಕಾಯ್ದೆ 1993ರಲ್ಲಿ ಬಂದ ಮೇಲೆ ಅದನ್ನೇ ಮುಂದಿಟ್ಟು ಕೇಳಿದರು. ಕೊನೆಗೆ ಗಣಿ ಆಡಳಿತ ಆ ಶೌಚಾಲಯಗಳನ್ನು ಬದಲಿಸಲು ಒಪ್ಪಬೇಕಾಯಿತು. ಅಲ್ಲಿಗೆ ನಿಲ್ಲದೆ ಅದು ಸಫಾಯಿ ಕರ್ಮಚಾರಿ ಆಂದೋಲನವಾಗಿ ದೇಶಕ್ಕೆ ಹಬ್ಬಿತು. ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಮಾರ್ಚ್ 27ರಂದು ತೀರ್ಪು ಬಂತು: 1993ರಿಂದ ಈಚೆಗೆ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಮೊದಲ ಪತ್ರದಿಂದ ತೀರ್ಪಿನವರೆಗೆ ಕಾಲು ಶತಮಾನಕ್ಕೂ ಹೆಚ್ಚು ಕಾಲ.

ಹಾಗಾದರೆ ಮೆರವಣಿಗೆಯೇ ಬೇಡವೆ? ಬೇಕು. ಒಂಟಿಯಾಗಿರುವವನಿಗೆ ತಾನು ಒಂಟಿಯಲ್ಲ ಎಂದು ತಿಳಿಯುವುದು ಅಲ್ಲಿ. ಅಧಿಕಾರಿಯ ಮೇಜಿನ ಕಡತ ಮೇಲಕ್ಕೆ ಬರುವುದೂ ಹೊರಗೆ ತಮಟೆ ಕೇಳಿದಾಗಲೇ. ಕರ್ನಾಟಕದ ದಲಿತ ಚಳವಳಿಗೆ 1973ರ ಬೂಸಾ ಪ್ರಕರಣದ ಕಾಲದಿಂದ ಕಸುವು ತುಂಬಿದವರು ವಿದ್ಯಾರ್ಥಿಗಳು, ಹಾಸ್ಟೆಲಿನ ಹುಡುಗರು. ಪ್ರೊ. ಬಿ. ಕೃಷ್ಣಪ್ಪನವರಂಥ ಮೇಷ್ಟರು ಅವರ ಜೊತೆಗಿದ್ದರು. ಕೋಲಾರ ಆ ಚಳವಳಿಯ ಗಟ್ಟಿ ನೆಲಗಳಲ್ಲಿ ಒಂದು. ಹೋರಾಟದ ಹಾಡು ಕಟ್ಟಿದ ಕೋಟಿಗಾನಹಳ್ಳಿ ರಾಮಯ್ಯನವರು ತೇರಹಳ್ಳಿ ಬೆಟ್ಟದ ಆದಿಮದಲ್ಲಿ ಹುಣ್ಣಿಮೆಯ ರಾತ್ರಿಗಳಿಗೆ ಹಾಡು, ನಾಟಕ ತಂದರು. ಹಾಡುತ್ತ ಕುಣಿಯುತ್ತ ಕಲಿತದ್ದೂ ಕಲಿಕೆಯೇ.

ತಂದೆತಾಯಿ ಬೇಡ ಎನ್ನುವ ಬದಲು ನಾಲ್ಕು ಪ್ರಶ್ನೆ ಕೇಳಬಹುದು. ಕರೆದವರು ಯಾರು? ನಾಳೆಯೂ ಅವರು ಸಿಗುತ್ತಾರೆಯೆ? ಅಲ್ಲಿ ಹೆಣ್ಣುಮಕ್ಕಳೂ ಹಿರಿಯರೂ ಇರುತ್ತಾರೆಯೆ? ಕಲ್ಲು ಎತ್ತಿದವನ ಕೈ ಹಿಡಿಯುವವರು ಇದ್ದಾರೆಯೆ? ಶಾಂತಿಯಿಂದ, ಆಯುಧವಿಲ್ಲದೆ ಸೇರುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ಮಗಳು ದಾರಿ ತಪ್ಪುತ್ತಿಲ್ಲ. ಹಾದಿ ನೋಡಿಕೊಂಡೇ ನಡೆಯುತ್ತಿದ್ದಾಳೆ. ಉತ್ತರ ತಡವರಿಸಿದರೆ ಆ ದಿನ ಮನೆಯಲ್ಲಿರುವುದೂ ತಪ್ಪಲ್ಲ.

ಇನ್ನು ಅನ್ಯಾಯ ತನ್ನ ಕೇರಿಗೆ ಆಗಿಲ್ಲ, ತನ್ನ ಕೇರಿಯಿಂದಲೇ ಆಗುತ್ತಿದೆ ಎಂದು ಬಲ್ಲ ವಿದ್ಯಾರ್ಥಿಗಳೂ ಇದ್ದಾರೆ. ಅವರ ಪಾಲಿನ ಕೆಲಸ ಬೇರೆ, ಅದು ಹೆಚ್ಚು ಕಷ್ಟದ್ದು. ದೂರದ ಊರಿನ ದೌರ್ಜನ್ಯಕ್ಕೆ ಕೋಲಾರದಲ್ಲಿ ಧಿಕ್ಕಾರ ಕೂಗಿ ಬಂದವನು ತನ್ನೂರ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿರುವುದನ್ನು ಕಂಡು ಸುಮ್ಮನಿದ್ದರೆ ಕೂಗಿದ್ದು ವ್ಯರ್ಥ. ದಲಿತರನ್ನು ಸವರ್ಣೀಯರ ಮನೆಯೊಳಗೆ ಬರಮಾಡಿಕೊಳ್ಳುವ ಗೃಹಪ್ರವೇಶವನ್ನು ಕೋಲಾರದ ಅರಿವು ಭಾರತ ತಂಡ ಹಲವು ಹಳ್ಳಿಗಳಲ್ಲಿ ನಡೆಸಿದೆ. ಹೊಸ್ತಿಲು ದಾಟುವವರಿಗೂ ದಾಟಿಸಿಕೊಳ್ಳುವವರಿಗೂ ಎದೆ ಡವಗುಟ್ಟುವ ಕೆಲಸ ಅದು. ಜೊತೆಯಲ್ಲಿ ಓದುವ ಗೆಳೆಯನನ್ನು ಭಾನುವಾರ ಊಟಕ್ಕೆ ಕರೆದು, "ಅಮ್ಮಾ, ಇವನಿಗೂ ನನ್ನ ಪಕ್ಕವೇ ತಟ್ಟೆ ಹಾಕು" ಎನ್ನಲು ಬ್ಯಾನರು ಬೇಡ, ಮೈಕು ಬೇಡ. ಅಜ್ಜಿ ಗೊಣಗಬಹುದು. ಅಪ್ಪ ಎರಡು ದಿನ ಮಾತು ಬಿಡಬಹುದು.

ಕಾಲೇಜಿನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪರೀಕ್ಷೆಯ ವೇಳಾಪಟ್ಟಿ ಬರೆದುಕೊಳ್ಳುವುದು ಎಲ್ಲರ ರೂಢಿ. ಅದರ ಕೆಳಗೆ ಇನ್ನೊಂದು ತಾರೀಖಿಗೂ ಜಾಗವಿದೆ: ಪಕ್ಕದ ಊರಿನವರ ಕೇಸಿನ ಮುಂದಿನ ವಾಯಿದೆ. ಆ ದಿನ ಕೋರ್ಟಿನ ಬಾಗಿಲಲ್ಲಿ ಕಾಯುವ ತಾಯಿಗೆ ಪರಿಚಯದ ಒಂದು ಮುಖ ಕಂಡರೆ ಸಾಕು, ಒಳಗೆ ಹೆಸರು ಕೂಗಿದಾಗ ಅವಳು ಎದ್ದು ನಿಲ್ಲುತ್ತಾಳೆ.