ಅರಿವೆಯ ಹಿಂಬದಿ

ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು, ಶಾಲೆಯ ಚಿತ್ರಕಲೆಯ ಪಾಠಕ್ಕೆಂದು ಅಂಗೈಯಗಲದ ಅರಿವೆಯೊಂದರ ಮೇಲೆ ತುಳಸೀವೃಂದಾವನವನ್ನು ಕಸೂತಿಯಿಂದ ತೆಗೆಯುತ್ತಿದ್ದಳು. ವೃಂದಾವನದ ಮುಂದಿನ ಹಣತೆಯು ಮಾತ್ರ ನೂಲಿನದಲ್ಲ. ಎಲ್‌ಇಡಿ ಎಂಬ ಕಿರುದೀಪ. ತಂತಿಯ ಬದಲಿಗೆ ವಿದ್ಯುತ್ತು ಹರಿಯಬಲ್ಲ ಉಕ್ಕಿನ ಎಳೆಗಳ ದಾರ; ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ.

ಹೊಲಿಗೆ ಮುಗಿಯಿತು, ದೀಪ ಬೆಳಗಲಿಲ್ಲ. “ಯಾಕ ಹತ್ತವಲ್ದು, ಅಜ್ಜಾ?” ಎಂದು ಕೇಳಿದಳು.

ನಾನು ಶಾಸ್ತ್ರವನ್ನು ಹೇಳಿದೆನು. ವಿದ್ಯುತ್ತು ಬ್ಯಾಟರಿಯ ಧನಾಗ್ರದಿಂದ ಹೊರಟು, ದೀಪವನ್ನು ಹಾಯ್ದು, ಋಣಾಗ್ರಕ್ಕೆ ಮರಳಬೇಕು. ಈ ದೀಪವು ಒಂದೇ ದಿಕ್ಕಿನಲ್ಲಿ ಅದನ್ನು ಹರಿಯಗೊಡುವುದರಿಂದ ಇದರ ಉದ್ದನೆಯ ಕಾಲು ಧನಾಗ್ರದ ಕಡೆಗಿರತಕ್ಕದ್ದು. ಪರೀಕ್ಷಿಸಲಾಗಿ ಎಲ್ಲವೂ ಸರಿಯಾಗಿಯೇ ಇತ್ತು. ನನ್ನ ಶಾಸ್ತ್ರವು ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ಮನೆಯಾಕೆ ಬಂದು, “ಮುಂದ ಏನ ನೋಡತೀರಿ? ಅರಿವಿ ತಿರುವಿ ಹಿಂದಿನ ಮಗ್ಗಲ ನೋಡ್ರಿ” ಎಂದಳು. ಹಿಂಬದಿಯಲ್ಲಿ ಎರಡು ದಾರಗಳ ಬಿಡಿತುದಿಗಳು ಒಂದನ್ನೊಂದು ತಾಕಿದ್ದವು. ವಿದ್ಯುತ್ತು ದೀಪವನ್ನು ಹಾಯದೆ ಆ ಅಡ್ಡದಾರಿಯಿಂದಲೇ ಮರಳುತ್ತಿದ್ದಿತು. ಆಕೆ ತುದಿಗಳನ್ನು ಕತ್ತರಿಸಿ, ಉಳಿದುದನ್ನು ಹೊಲಿಗೆಯೊಳಗೆ ಅಡಗಿಸಿದಳು. ಹೊಸ ಬ್ಯಾಟರಿಯನ್ನಿಟ್ಟೊಡನೆ ಹಣತೆಯು ಬೆಳಗಿತು.

ಧಾರವಾಡದ ಕಡೆಯ ಕಸೂತಿಗೆ ಗಂಟು ನಿಷಿದ್ಧವಷ್ಟೆ. ಗವಂತಿ ಹೊಲಿಗೆಯಲ್ಲಿ ಸೂಜಿಯು ತೆರಪು ಬಿಡುತ್ತ ಹೋಗಿ, ಅದೇ ಹಾದಿಯಲ್ಲಿ ಅವನ್ನು ತುಂಬುತ್ತ ಮರಳುವುದು. ಎರಡು ಮಗ್ಗಲಿಗೂ ಒಂದೇ ರೂಪ. ವಿದ್ಯುತ್ತಿನ ದಾರವೂ ಹೊರಟಲ್ಲಿಗೇ ಮರಳಬೇಕು. ಆದರೆ ಹೋದ ದಾರಿಯನ್ನು ಮುಟ್ಟದೆ ಮರಳಬೇಕು. ಈ ಭೇದವೊಂದನ್ನು ತಿಳಿಸಿದರೆ ಸಾಕಾಯಿತು. ಮಿಕ್ಕುದೆಲ್ಲ ಆಕೆಯ ಬೆರಳುಗಳಿಗೆ ಮೊದಲೇ ತಿಳಿದಿತ್ತು. ಅಮೆರಿಕೆಯ ಲೀಯಾ ಬ್ಯೂಕ್ಲಿ ಎಂಬ ವಿದುಷಿಯು ರೂಪಿಸಿದ, ಬಟ್ಟೆಗೆ ಹೊಲಿಯತಕ್ಕ ಲಿಲಿಪ್ಯಾಡ್ ಎಂಬ ವಿದ್ಯುತ್ಸಾಧನವು 2007ರಲ್ಲಿ ಮಾರಾಟಕ್ಕೆ ಬಂದಿತು. ಸೂಜಿಯ ಕೆಲಸವನ್ನೂ ವಿಜ್ಞಾನವನ್ನೂ ಹೀಗೆ ಒಂದುಗೂಡಿಸುವುದು ಈಗ ಎಳೆಯರ ಪಾಠವೂ ಆಗಿದೆ.

ಕೈಕಸಬಿನ ಮೂಲಕವೇ ಮಕ್ಕಳಿಗೆ ವಿದ್ಯೆ ಬರಬೇಕೆಂದು ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ಪ್ರತಿಪಾದಿಸಿದರು. ಗಾಂಧೀಜಯಂತಿಯ ದಿನ ಆ ಮಾತನ್ನು ನಾನೂ ಭಾಷಣದಲ್ಲಿ ಹೇಳಿದವನೇ. ಆದರೆ ವ್ಯಾಕರಣಪಾಠವು ಹಿಂದುಳಿದಾಗಲೆಲ್ಲ ನಾನು ಕಿತ್ತುಕೊಂಡದ್ದು ಹೊಲಿಗೆಯ ವೇಳೆಯನ್ನು. ಒಮ್ಮೆ ಶಬ್ದರೂಪಗಳನ್ನು ಹೇಳಿಸುತ್ತಿದ್ದಾಗ ಬಾಲಿಕೆಯೊಬ್ಬಳು ಮಣೆಯ ಕೆಳಗೆ ಸೂಜಿಯಾಡಿಸುತ್ತಿದ್ದಳು. ಅವಳ ಅರೆಹೊಲಿದ ಕೈವಸ್ತ್ರವನ್ನು ಕಸಿದು ಮೇಜಿನ ಖಾನೆಯಲ್ಲಿಟ್ಟೆನು. ಮರಳಿ ಕೊಟ್ಟ ನೆನಪಿಲ್ಲ.

ಉಪಾಧ್ಯಾಯಮಿತ್ರರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಬ್ಯಾಟರಿಯನ್ನು ಮಕ್ಕಳು ನುಂಗಿದರೆ ಅನ್ನನಾಳವೇ ಸುಡುವುದರಿಂದ ಅದು ನಿಮ್ಮ ವಶದಲ್ಲಿರಲಿ, ಸೂಜಿಯು ಮಕ್ಕಳ ಕೈಯಲ್ಲಿರಲಿ. ಊರಿನ ಅಜ್ಜಿಯೊಬ್ಬಳನ್ನು ತರಗತಿಗೆ ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳಿರಿ.